ಯುರೋಪಿನ ಗಡಿಗಳು: ಗೆರೆ ಸರಿದದ್ದು, ಜನ ಸರಿದದ್ದು

ಪ್ಯಾರಿಸ್‌ನಿಂದ ಪೂರ್ವಕ್ಕೆ ಸ್ಟ್ರಾಸ್‌ಬರ್ಗ್ ಕಡೆಗೆ ಹೋಗುವ ಹಳೆಯ ರೈಲುದಾರಿಯಲ್ಲಿ ಗಾಡಿಗಳು ಎಡಗಡೆಯ ಹಳಿ ಹಿಡಿದು ಓಡುತ್ತವೆ. ಫ್ರಾನ್ಸಿನ ರೈಲ್ವೆಯ ರೂಢಿಯೇ ಅದು. ಆಲ್ಸೇಸ್ ಮತ್ತು ಮೊಸೆಲ್ ಸೀಮೆಯೊಳಗೆ ಮಾತ್ರ ಓಡಾಟ ಬಲಗಡೆಯ ಹಳಿಯಲ್ಲಿ. ಹಳೆಯ ಗಡಿ ಇದ್ದ ಜಾಗದ ಆಸುಪಾಸಿನಲ್ಲಿ ಒಂದು ಹಳಿ ಇನ್ನೊಂದರ ಮೇಲಿನ ಸೇತುವೆ ಹತ್ತಿ ಇಳಿದು ಎಡಬಲ ಅದಲುಬದಲಾಗುತ್ತದೆ. 1871ರಿಂದ 1918ರವರೆಗೆ ಈ ಸೀಮೆ ಜರ್ಮನ್ ಸಾಮ್ರಾಜ್ಯದಲ್ಲಿತ್ತು; ಬಲಗಡೆಯ ಓಟ ಆ ಕಾಲದ್ದು. ಆ ಗಡಿ ಅಳಿಸಿ ನೂರು ವರ್ಷ ದಾಟಿದರೂ ರೈಲುಗಳು ಅದನ್ನು ಮರೆತಿಲ್ಲ. ಕಾನೂನಿನಲ್ಲೂ ಹಾಗೆಯೇ ಆಗಿದೆ. ಫ್ರಾನ್ಸ್ 1905ರಲ್ಲಿ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸುವ ಶಾಸನ ಮಾಡಿದಾಗ ಆಲ್ಸೇಸ್ ಜರ್ಮನಿಯಲ್ಲಿತ್ತು. ಹಾಗಾಗಿ ಆ ಶಾಸನ ಅಲ್ಲಿಗೆ ಅಂದೂ ಅನ್ವಯವಾಗಲಿಲ್ಲ, ಇಂದೂ ಅನ್ವಯವಾಗುವುದಿಲ್ಲ. ಪಾದ್ರಿಗಳಿಗೂ ರಬ್ಬಿಗಳಿಗೂ ಅಲ್ಲಿ ಸರ್ಕಾರವೇ ಸಂಬಳ ಕೊಡುತ್ತದೆ.

ಯುರೋಪಿನ ನೆರೆಹೊರೆಯ ದೇಶಗಳ ಗಡಿಗಳು ಕಳೆದ ಮೂರೂವರೆ ಶತಮಾನದಲ್ಲಿ ಹೇಗೆ ಸರಿದವು ಎಂದು ಕೇಳಿದರೆ ಪಠ್ಯಪುಸ್ತಕದ ಉತ್ತರ ಸುಲಭ: ಯುದ್ಧವಾಯಿತು, ಸೋತವರು ನೆಲ ಬಿಟ್ಟುಕೊಟ್ಟರು, ಒಪ್ಪಂದಕ್ಕೆ ಸಹಿ ಬಿತ್ತು. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಗಡಿ ಸರಿದ ಮೇಲೆ ಅಲ್ಲಿ ವಾಸವಿದ್ದವರ ಗತಿ ಏನಾಯಿತು ಎಂಬ ಕಡೆಯಿಂದ ಈ ಚರಿತ್ರೆಯನ್ನು ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಮೊದಲೆಲ್ಲ ಗೆರೆ ಸರಿಯುತ್ತಿತ್ತು, ಜನ ಇದ್ದಲ್ಲೇ ಇರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಗೆರೆಗೆ ಹೊಂದುವಂತೆ ಜನರನ್ನೇ ಎಬ್ಬಿಸಿ ಸಾಗಿಸಿದರು. ಇವೆರಡರ ನಡುವೆ, ಜನರನ್ನೇ ಕೇಳಿ ಗೆರೆ ಎಳೆಯುವ ಪ್ರಯತ್ನವೂ ಸ್ವಲ್ಪ ಕಾಲ ನಡೆಯಿತು. ಎಲ್ಲರಿಗೂ ಒಪ್ಪಿಗೆಯಾಗುವ ಗೆರೆ ಮಾತ್ರ ಎಲ್ಲೂ ಸಿಗಲಿಲ್ಲ. ಇಂದು ಶಾಂತವಾಗಿರುವ ಗಡಿಗಳಲ್ಲಿ ಆ ಶಾಂತಿ ಬಂದದ್ದು, ಗೆರೆಯ ಆಚೆ ಉಳಿದುಹೋದವರಿಗೆ ಶಾಲೆ, ಭಾಷೆ, ಉದ್ಯೋಗ, ಓಡಾಟದ ವ್ಯವಸ್ಥೆ ಆದಮೇಲೆಯೇ. ನನ್ನ ವಾದದ ತಿರುಳು ಇದು.

ರಾಜರ ಕಾಲದಿಂದ ಶುರುಮಾಡೋಣ. 1659ರ ನವೆಂಬರ್ 7ರಂದು ಫ್ರಾನ್ಸಿನ ಕಾರ್ಡಿನಲ್ ಮಜಾರಿನ್ ಮತ್ತು ಸ್ಪೇನಿನ ಲೂಯಿಸ್ ದೆ ಹಾರೊ ಬಿದಾಸೋವಾ ನದಿಯ ನಡುವಿನ ಪುಟ್ಟ ಫೆಸೆಂಟ್ ದ್ವೀಪದಲ್ಲಿ ಪಿರನೀಸ್ ಒಪ್ಪಂದಕ್ಕೆ ಸಹಿ ಹಾಕಿದರು. ಕ್ಯಾಟಲನ್ ಭಾಷೆಯಾಡುವ ರೂಸಿಯೋನ್ ಸೀಮೆ ಫ್ರಾನ್ಸಿಗೆ ಹೋಯಿತು. ಸೆರ್ದಾನ್ಯಾ ಕಣಿವೆಯನ್ನು ಇಬ್ಬರೂ ಹಂಚಿಕೊಂಡರು. ಅಲ್ಲಿನ 33 ಹಳ್ಳಿಗಳು ಫ್ರಾನ್ಸಿಗೆ ಎಂದು ತೀರ್ಮಾನವಾದಾಗ, ಲಿವಿಯಾ ಹಳ್ಳಿಯಲ್ಲ, ಪಟ್ಟಣದ ಹಕ್ಕು ಪಡೆದ ಊರು ಎಂದು ಸ್ಪೇನ್ ಹಟ ಹಿಡಿಯಿತು. ಆದ್ದರಿಂದ ಲಿವಿಯಾ ಇಂದಿಗೂ ಸುತ್ತ ಫ್ರಾನ್ಸ್ ಇರುವ ಸ್ಪೇನಿನ ತುಣುಕು. ಫೆಸೆಂಟ್ ದ್ವೀಪವಂತೂ ಫೆಬ್ರವರಿಯಿಂದ ಜುಲೈ ಕೊನೆಯವರೆಗೆ ಸ್ಪೇನಿನದು, ಉಳಿದ ಆರು ತಿಂಗಳು ಫ್ರಾನ್ಸಿನದು. ಆ ಒಪ್ಪಂದದಿಂದ ನೆಲದ ಮೇಲೆ ಗೆರೆಯೇನೂ ಮೂಡಲಿಲ್ಲ. ಯಾವ ಊರು ಯಾವ ರಾಜನಿಗೆ ಕಂದಾಯ ಕಟ್ಟಬೇಕು ಎಂಬುದಷ್ಟೇ ನಿಶ್ಚಯವಾಯಿತು. ಬೆಟ್ಟದ ಸಾಲಿನುದ್ದಕ್ಕೂ ಗಡಿಯನ್ನು ಅಳೆದು ಗೊತ್ತುಮಾಡುವ ಬಯೋನ್ ಒಪ್ಪಂದಗಳಾದದ್ದು ಎರಡು ಶತಮಾನ ಕಳೆದು, 1856ರಿಂದ 1866ರ ನಡುವೆ. ಇಂದು ಅಲ್ಲಿ 1ರಿಂದ 602ರವರೆಗೆ ಸಂಖ್ಯೆ ಕೆತ್ತಿದ ಗಡಿಕಲ್ಲುಗಳಿವೆ. ಆ ನಡುವಿನ ಕಾಲದಲ್ಲಿ ಕುರುಬರು ಹುಲ್ಲುಗಾವಲನ್ನೂ ನೀರನ್ನೂ ತಮ್ಮತಮ್ಮಲ್ಲೇ ಹಂಚಿಕೊಂಡು ಬಾಳಿದರು.

ಹಳೆಯ ಒಪ್ಪಂದಗಳಲ್ಲಿ ನನಗೆ ತುಂಬ ಗೌರವ ಹುಟ್ಟಿಸುವುದು 1751ರ ಸ್ಟ್ರೋಮ್‌ಸ್ಟಾಡ್ ಒಪ್ಪಂದ. ನಾರ್ವೆ ಮತ್ತು ಸ್ವೀಡನ್ ನಡುವಿನ ಗಡಿ ಆಗ ನಿಶ್ಚಯವಾಯಿತು. ಹಿಮಸಾರಂಗಗಳ ಹಿಂದೆ ಋತುವಿಗೆ ತಕ್ಕಂತೆ ಅತ್ತಿತ್ತ ಅಲೆಯುವ ಸಾಮಿ ಜನರಿಗೆ ಈ ಗಡಿ ತೊಡಕಾಗುತ್ತದೆಂದು ಒಪ್ಪಂದ ಬರೆದವರಿಗೆ ಹೊಳೆಯಿತು. ಮೂಲ ಒಪ್ಪಂದಕ್ಕೆ ಒಂದು ಅನುಬಂಧ ಸೇರಿಸಿ, ಸಾಮಿಗಳು ತಮ್ಮ ಹಿಂಡಿನೊಂದಿಗೆ ಎರಡೂ ಕಡೆ ಹಾದುಹೋಗಬಹುದು, ಯುದ್ಧ ಬಂದರೂ ಅವರನ್ನು ತಡೆಯಬಾರದು ಎಂದು ಬರೆದರು. ಮುಂದೆ ಈ ಹಕ್ಕು ಎಷ್ಟೋ ಸಲ ಮೊಟಕಾಯಿತು, ನಿಜ. ಆದರೂ ಗಡಿ ಹಾಕುವ ದಿನವೇ ಅದರಿಂದ ನೋಯುವವರ ಬಗ್ಗೆ ಯೋಚಿಸಿದ ಇಂಥ ಉದಾಹರಣೆ ಆ ಶತಮಾನದಲ್ಲಿ ಅಪರೂಪ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ವಿಚಾರವೊಂದು ಬಂತು: ಒಂದು ಜನಾಂಗಕ್ಕೆ ಒಂದು ರಾಷ್ಟ್ರ, ಒಂದು ರಾಷ್ಟ್ರಕ್ಕೆ ಒಂದು ನೆಲ. 1815ರ ವಿಯೆನ್ನಾ ಸಮ್ಮೇಳನದ ಮೇಜಿನ ಮೇಲೆ ಅರಸರು ಹಂಚಿಕೊಂಡ ನಕ್ಷೆ ಈ ವಿಚಾರದ ಮುಂದೆ ತಡೆದುಕೊಳ್ಳಲಿಲ್ಲ. ಇಟಲಿ ಒಂದಾಯಿತು, ಜರ್ಮನಿ ಒಂದಾಯಿತು. ಆದರೆ ಒಂದು ಜನಾಂಗವನ್ನು ಗುರುತಿಸುವುದು ಯಾವುದರಿಂದ? ಆಡುವ ಭಾಷೆಯಿಂದಲೋ, ಮನದ ಇಚ್ಛೆಯಿಂದಲೋ? ಈ ಪ್ರಶ್ನೆ ಆಲ್ಸೇಸ್‌ನಲ್ಲಿ ಬೆಂಕಿಯಾಯಿತು.

ಆಲ್ಸೇಸ್‌ನವರ ಮನೆಮಾತು ಜರ್ಮನ್ ಬಳಗದ ಒಂದು ಉಪಭಾಷೆ. 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಈ ಸೀಮೆ ಫ್ರಾನ್ಸಿನ ಕೈಗೆ ಸರಿಯತೊಡಗಿತು. 1681ರಲ್ಲಿ ಹದಿನಾಲ್ಕನೆಯ ಲೂಯಿ ಸ್ಟ್ರಾಸ್‌ಬರ್ಗ್ ನಗರವನ್ನೂ ವಶಪಡಿಸಿಕೊಂಡ. ಫ್ರೆಂಚ್ ಕ್ರಾಂತಿಯಲ್ಲಿ ಆಲ್ಸೇಸ್‌ನವರೂ ಪಾಲ್ಗೊಂಡರು. 1870ರ ಯುದ್ಧದಲ್ಲಿ ಪ್ರಷ್ಯಾ ಗೆದ್ದಾಗ, ಭಾಷೆಯೂ ಇತಿಹಾಸವೂ ಜರ್ಮನ್ ಆದ್ದರಿಂದ ನೆಲವೂ ಜರ್ಮನಿಯದೇ ಎಂದು ಇತಿಹಾಸಕಾರ ಮಾಮ್ಸನ್ ವಾದಿಸಿದರು. ಸ್ಟ್ರಾಸ್‌ಬರ್ಗ್‌ನಲ್ಲೇ ಹತ್ತು ವರ್ಷ ಪಾಠ ಹೇಳಿದ್ದ ಫುಸ್ತೆಲ್ ದ ಕುಲಾಂಜ್ ಅದಕ್ಕೆ ಉತ್ತರ ಬರೆದು, ರಾಷ್ಟ್ರವನ್ನು ಕಟ್ಟುವುದು ಜನರ ಇಚ್ಛೆ ಎಂದರು. ಇಬ್ಬರೂ ದೊಡ್ಡ ವಿದ್ವಾಂಸರು. ಆದರೆ 1871ರ ಮೇ 10ರ ಫ್ರಾಂಕ್‌ಫರ್ಟ್ ಒಪ್ಪಂದದ ಮುನ್ನ ಆಲ್ಸೇಸ್‌ನವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರ ಪ್ರತಿನಿಧಿಗಳು ಬೋರ್ಡೋ ನಗರದ ಸಭೆಯಲ್ಲಿ ಪ್ರತಿಭಟಿಸಿ ಹೊರನಡೆದರು. ಫ್ರೆಂಚ್ ಪೌರತ್ವ ಬೇಕೆನ್ನುವವರು 1872ರ ಅಕ್ಟೋಬರ್ 1ರೊಳಗೆ ಹಾಗೆಂದು ಬರೆಸಿ ಊರು ಬಿಡಬೇಕಿತ್ತು. 1918ರಲ್ಲಿ ಫ್ರಾನ್ಸ್ ಗೆದ್ದು ಮರಳಿತು. ಜನರ ಇಚ್ಛೆಯೇ ಪ್ರಮಾಣ ಎಂದು ಐವತ್ತು ವರ್ಷ ಸಾರಿದ ಫ್ರಾನ್ಸ್ ಕೂಡ ಆಗ ಜನಮತಗಣನೆ ನಡೆಸಲಿಲ್ಲ. ಬದಲಿಗೆ ನಿವಾಸಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಯ ಗುರುತಿನ ಚೀಟಿಗಳಲ್ಲಿ ವಿಂಗಡಿಸಿತು. ಹೆತ್ತವರು ಎಲ್ಲಿಯವರು ಎಂಬುದರ ಮೇಲೆ ದರ್ಜೆ ನಿಂತಿತ್ತು. ಜರ್ಮನಿಯಿಂದ ಬಂದು ನೆಲೆಸಿದ್ದವರು ‘ಡಿ’ ದರ್ಜೆಯವರು. ಅವರಲ್ಲಿ ಬಹಳಷ್ಟು ಜನರನ್ನು ರೈನ್ ನದಿ ದಾಟಿಸಿ ಕಳಿಸಲಾಯಿತು.

1940ರಲ್ಲಿ ಹಿಟ್ಲರನ ಸೈನ್ಯ ಮತ್ತೆ ಬಂತು. ಆಲ್ಸೇಸ್ ಮತ್ತು ಮೊಸೆಲ್‌ನ ಸುಮಾರು 1,30,000 ಯುವಕರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿ, ಹೆಚ್ಚಿನವರನ್ನು ರಷ್ಯಾದ ರಣರಂಗಕ್ಕೆ ಅಟ್ಟಲಾಯಿತು. 1870ಕ್ಕೆ ಮೊದಲು ಅಲ್ಲಿ ಹುಟ್ಟಿ 1945ರ ನಂತರ ಸತ್ತ ಅಜ್ಜಿಯೊಬ್ಬಳು, ಮನೆ ಬದಲಿಸದೆಯೇ ನಾಲ್ಕು ಸಲ ದೇಶ ಬದಲಿಸಿದ್ದಳು.

ಸ್ಟ್ರಾಸ್‌ಬರ್ಗ್‌ನ ರಿಪಬ್ಲಿಕ್ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕವೊಂದಿದೆ. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ತಬ್ಬಿಕೊಂಡು ಕೂತಿದ್ದಾಳೆ. ಮಕ್ಕಳ ಮೈಮೇಲೆ ಸಮವಸ್ತ್ರವಿಲ್ಲ. ಒಬ್ಬ ಫ್ರಾನ್ಸಿಗಾಗಿ ಸತ್ತವನು, ಇನ್ನೊಬ್ಬ ಜರ್ಮನಿಗಾಗಿ. ಫ್ರಾನ್ಸಿನ ಸಾವಿರಾರು ಊರುಗಳ ಸ್ಮಾರಕಗಳ ಮೇಲೆ ತಾಯ್ನಾಡಿಗಾಗಿ ಮಡಿದವರು ಎಂಬ ಮಾತು ಇದ್ದೇ ಇರುತ್ತದೆ. ಇಲ್ಲಿ ತಾಯ್ನಾಡಿನ ಹೆಸರೇ ಇಲ್ಲ. ನಮ್ಮ ಸತ್ತವರಿಗೆ ಎಂದಷ್ಟೇ ಕೆತ್ತಿದ್ದಾರೆ. ಗಡಿಯ ಚರಿತ್ರೆ ಓದಲು ಹೊರಟವರು ನಕ್ಷೆ ಬಿಡಿಸುವ ಮೊದಲು ಈ ಶಿಲ್ಪದ ಚಿತ್ರವನ್ನೊಮ್ಮೆ ನೋಡಬೇಕು.

ಜನರನ್ನು ಕೇಳಿಯೇ ಗಡಿ ಹಾಕೋಣ ಎಂಬ ಪ್ರಯೋಗ ಮೊದಲ ಮಹಾಯುದ್ಧದ ನಂತರ ಕೆಲವೆಡೆ ನಡೆಯಿತು. ಅದರಲ್ಲಿ ತುಂಬ ಚೆನ್ನಾಗಿ ನಡೆದದ್ದು ಡೆನ್ಮಾರ್ಕ್–ಜರ್ಮನಿ ನಡುವಿನ ಶ್ಲೆಸ್ವಿಗ್‌ನಲ್ಲಿ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಇದನ್ನು ಕಳೆದುಕೊಂಡಿತ್ತು. 1920ರ ಫೆಬ್ರವರಿ 10ರಂದು ಉತ್ತರ ವಲಯದ ಗಂಡಸರು, ಹೆಂಗಸರು ಮತ ಹಾಕಿದರು. ಸುಮಾರು ಶೇಕಡ 75 ಡೆನ್ಮಾರ್ಕಿಗೆ. ಮಾರ್ಚ್ 14ರಂದು ದಕ್ಷಿಣಕ್ಕಿರುವ ಎರಡನೆಯ ವಲಯದಲ್ಲಿ ಶೇಕಡ 80 ಜರ್ಮನಿಗೆ. ಎರಡರ ನಡುವೆ ಗಡಿ ಬಿತ್ತು, ಇಂದಿಗೂ ಅದೇ ಗಡಿ. ಆದರೆ ಇಲ್ಲೂ ಲೆಕ್ಕ ಪೂರ್ತಿ ನೇರ್ಪಾಗಲಿಲ್ಲ. ಉತ್ತರ ವಲಯದ ಮತಗಳನ್ನು ಒಟ್ಟಾಗಿ ಎಣಿಸಿದ್ದರಿಂದ, ಜರ್ಮನಿಯನ್ನೇ ಆರಿಸಿದ್ದ ಟೋಂಡರ್‌ನಂಥ ಪಟ್ಟಣಗಳೂ ಡೆನ್ಮಾರ್ಕಿನೊಳಗೆ ಸೇರಿದವು. ಫ್ಲೆನ್ಸ್‌ಬರ್ಗ್ ನಗರ ಬೇಕೆಂದು ಡೆನ್ಮಾರ್ಕಿನ ರಾಜ ಹತ್ತನೆಯ ಕ್ರಿಶ್ಚಿಯನ್ ಪಟ್ಟು ಹಿಡಿದು ತನ್ನ ಸರ್ಕಾರವನ್ನೇ ವಜಾ ಮಾಡಿದ. ಜನ ಸಿಟ್ಟಿಗೆದ್ದರು, ರಾಜ ಹಿಂದೆ ಸರಿಯಬೇಕಾಯಿತು.

ಬೇರೆಡೆಯ ಮತಗಣನೆಗಳು ಇನ್ನೂ ಜಟಿಲ. ಆಸ್ಟ್ರಿಯಾದ ದಕ್ಷಿಣದ ಕಾರಿಂಥಿಯಾದಲ್ಲಿ 1920ರ ಅಕ್ಟೋಬರ್ 10ರಂದು ಮತ ನಡೆದ ವಲಯದಲ್ಲಿ ಸ್ಲೊವೀನ್ ಮಾತಾಡುವವರೇ ಬಹುಸಂಖ್ಯಾತರು. ಆದರೂ ಶೇಕಡ 59 ಜನ ಯುಗೊಸ್ಲಾವಿಯಾವನ್ನು ಬಿಟ್ಟು ಆಸ್ಟ್ರಿಯಾವನ್ನು ಆರಿಸಿದರು. ಸಂತೆ, ಮಾರುಕಟ್ಟೆ, ಬೇಸಾಯದ ನಂಟು ಉತ್ತರದ ಕ್ಲಾಗನ್‌ಫರ್ಟ್ ಕಡೆಗಿದ್ದದ್ದು ಇದಕ್ಕೆ ದೊಡ್ಡ ಕಾರಣ. ಮನೆಮಾತು ಯಾವುದೋ ಮತವೂ ಆ ಕಡೆಗೇ ಎಂದು ಲೆಕ್ಕ ಹಾಕಿದವರಿಗೆಲ್ಲ ಇದು ದೊಡ್ಡ ಪಾಠ. ತನ್ನನ್ನು ನಂಬಿ ಮತ ಹಾಕಿದ ಸ್ಲೊವೀನರಿಗೆ ಆಸ್ಟ್ರಿಯಾ ನ್ಯಾಯ ಮಾಡಿತೆ? ಬಹುಕಾಲ ಮಾಡಲಿಲ್ಲ. 1972ರಲ್ಲಿ ಎರಡು ಭಾಷೆಗಳ ಊರ ಹೆಸರಿನ ಫಲಕಗಳನ್ನು ನೆಟ್ಟಾಗ ಗುಂಪುಗಳು ಅವನ್ನು ಕಿತ್ತೆಸೆದವು. ಆ ಫಲಕಗಳ ಜಗಳ ತೀರಿದ್ದು 2011ರಲ್ಲಿ, 164 ಊರುಗಳಿಗೆ ಎರಡು ಭಾಷೆಯ ಫಲಕ ಎಂದು ರಾಜಿಯಾದ ಮೇಲೆ. ಇನ್ನು ಕಲ್ಲಿದ್ದಲಿನ ನಾಡು ಮೇಲ್ಸೈಲೀಷಿಯಾ. 1921ರ ಮಾರ್ಚ್ 20ರ ಮತದಾನದಲ್ಲಿ ಸುಮಾರು ಶೇಕಡ 60 ಜರ್ಮನಿಗೆ, 40 ಪೋಲೆಂಡಿಗೆ ಬಂತು. ಬಂಡಾಯವೆದ್ದಿತು. ಕೊನೆಗೆ ನಾಡನ್ನು ಸೀಳಿದರು. ಪೋಲೆಂಡಿಗೆ ಸಿಕ್ಕಿದ್ದು ಮೂರನೆಯ ಒಂದು ಭಾಗ ನೆಲ, ಆದರೆ ಗಣಿಗಳಲ್ಲಿ ಹೆಚ್ಚಿನವು ಆ ಭಾಗದಲ್ಲೇ ಇದ್ದವು. ಹೊಸ ಗಡಿ ರೈಲುದಾರಿಗಳನ್ನೂ ನೀರಿನ ಕೊಳವೆಗಳನ್ನೂ ತುಂಡರಿಸಿಕೊಂಡು ಹೋಯಿತು.

ಕೇಳದೆಯೇ ಎಳೆದ ಗೆರೆಗಳೇ ಹೆಚ್ಚು. 1920ರ ಜೂನ್ 4ರ ಟ್ರಿಯಾನಾನ್ ಒಪ್ಪಂದ ಹಂಗೇರಿಯ ಮೂರರಲ್ಲಿ ಎರಡು ಭಾಗ ನೆಲವನ್ನು ಕತ್ತರಿಸಿತು. ಅದರಲ್ಲಿ ಬಹುಪಾಲು ನೆಲ ರೊಮೇನಿಯನ್ನರು, ಸ್ಲೊವಾಕರು, ಸರ್ಬರು, ಕ್ರೊವಾಟರು ಬಾಳಿದ ನೆಲ. ಹಂಗೇರಿಯ ಆಳ್ವಿಕೆಯಲ್ಲಿ ಅವರ ಭಾಷೆಗಳಿಗೆ ಸಿಕ್ಕ ಅವಮಾನವನ್ನು ಮರೆಯುವಂತಿಲ್ಲ. ಆದರೆ ಮೂವತ್ತು ಲಕ್ಷಕ್ಕೂ ಹೆಚ್ಚು ಹಂಗೇರಿಯನ್ನರೂ ಆಚೆ ಉಳಿದರು, ಅನೇಕರು ಹೊಸ ಗಡಿಗೆ ಅಂಟಿಕೊಂಡ ಊರುಗಳಲ್ಲೇ. ಸೆಲ್ಮೆಂಟ್ಸ್ ಅಂಥದೊಂದು ಊರು. ಎರಡನೆಯ ಮಹಾಯುದ್ಧದ ಕೊನೆಗೆ ಚೆಕೊಸ್ಲೊವಾಕಿಯಾ ತನ್ನ ಪೂರ್ವದ ತುದಿಯನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಾಗ ಗಡಿ ಈ ಹಂಗೇರಿಯನ್ ಊರಿನ ನಡುವೆ ಹಾದುಹೋಯಿತು. ಹಿರಿಯ ಸೆಲ್ಮೆಂಟ್ಸ್ ಒಂದು ದೇಶ, ಕಿರಿಯ ಸೆಲ್ಮೆಂಟ್ಸ್ ಇನ್ನೊಂದು ದೇಶ. ನಡುವೆ ಮುಳ್ಳುತಂತಿ, ಕಾವಲುಗಾರರು. ಬೇಲಿಯಾಚೆಗೆ ಮಾತಾಡುವಂತಿರಲಿಲ್ಲ, ಗೆಯ್ಮೆ ಮಾಡುತ್ತ ಹಾಡಿನ ನೆಪದಲ್ಲಿ ಹುಟ್ಟು, ಸಾವು, ಮದುವೆಯ ಸುದ್ದಿ ದಾಟಿಸುತ್ತಿದ್ದೆವು ಎಂದು ಊರವರು ನೆನೆಯುತ್ತಾರೆ. ಪಕ್ಕದ ಬೀದಿಯ ಅಣ್ಣನ ಮನೆಗೆ ಹೋಗಬೇಕಾದರೆ ಪರವಾನಗಿ ಪಡೆದು, ದೂರದ ಠಾಣೆಯ ಮೂಲಕ ಸುತ್ತಿ ಬರಬೇಕಿತ್ತು. ಊರ ನಡುವೆ ನಡೆದು ದಾಟುವ ದ್ವಾರ ತೆರೆದದ್ದು 2005ರ ಡಿಸೆಂಬರಿನಲ್ಲಿ.

ಜನರನ್ನೇ ಸಾಗಿಸುವ ಕ್ರಮಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಮೊಹರು ದೊಡ್ಡ ಪ್ರಮಾಣದಲ್ಲಿ ಬಿದ್ದದ್ದು 1923ರ ಜನವರಿ 30ರಂದು, ಲೌಸಾನ್‌ನಲ್ಲಿ. ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಕಡ್ಡಾಯವಾಗಿ ವಿನಿಮಯ ಮಾಡಿಕೊಂಡವು. ಹಾಗೆ ಬೇರು ಕಳೆದುಕೊಂಡವರು ಸುಮಾರು ಹನ್ನೆರಡು ಲಕ್ಷ ಕ್ರೈಸ್ತರು, ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು. ಇದರಲ್ಲಿ ಅನೇಕರು ಒಪ್ಪಂದಕ್ಕೆ ಮೊದಲೇ ಓಡಿಬಂದಿದ್ದರು. ಒಪ್ಪಂದ ಅವರ ಮರಳುವ ದಾರಿಯನ್ನು ಮುಚ್ಚಿತು. ಯಾರು ಎಲ್ಲಿಗೆ ಸೇರಬೇಕೆಂದು ನಿರ್ಧರಿಸಿದ್ದು ಧರ್ಮ ಮಾತ್ರ. ಗ್ರೀಕ್ ಬಿಟ್ಟರೆ ಬೇರೆ ಮಾತು ಬಾರದ ಕ್ರೀಟ್ ದ್ವೀಪದ ಮುಸ್ಲಿಮರು ಟರ್ಕಿಗೆ ಹೋದರು. ಟರ್ಕಿಷ್ ಮಾತಾಡುವ ಅನಾಟೋಲಿಯಾದ ಕ್ರೈಸ್ತರು ಗ್ರೀಸಿಗೆ ಬಂದರು. ಎರಡೂ ಕಡೆ ಅವರು ಪರಕೀಯರಾಗಿಯೇ ಬಹುಕಾಲ ಉಳಿದರು. ಮುಂದೆ ಎಷ್ಟೋ ನಾಯಕರು ಇದನ್ನು ಯಶಸ್ವೀ ಪರಿಹಾರವೆಂದು ಉದಾಹರಿಸಿದ್ದು ಯುರೋಪಿನ ದೊಡ್ಡ ದುರಂತ.

ಅದರ ಅತಿ ದೊಡ್ಡ ರೂಪ ಪೋಲೆಂಡಿನಲ್ಲಿ ಕಂಡಿತು. 1772, 1793, 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಮೂರು ಕಂತಿನಲ್ಲಿ ನುಂಗಿಹಾಕಿದ್ದ ದೇಶ ಇದು. 123 ವರ್ಷ ನಕ್ಷೆಯಲ್ಲಿ ಇರಲೇ ಇಲ್ಲ. 1918ರಲ್ಲಿ ಮರುಹುಟ್ಟು ಪಡೆದ ಮೇಲೆ ಅದರ ಪೂರ್ವಗಡಿ ಎಲ್ಲಿರಬೇಕೆಂಬ ಚರ್ಚೆಯಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಕರ್ಜನ್ ಹೆಸರಿನ ಗೆರೆಯೊಂದು ಬಂತು. ಭಾರತದ ವೈಸ್‌ರಾಯ್ ಆಗಿದ್ದಾಗ 1905ರಲ್ಲಿ ಬಂಗಾಳವನ್ನು ಸೀಳಿದ ಕರ್ಜನ್ ಇವರೇ. ಪೋಲೆಂಡ್ ಸೋವಿಯತ್ ಸೈನ್ಯವನ್ನು ಹಿಮ್ಮೆಟ್ಟಿಸಿ, 1921ರ ರೀಗಾ ಒಪ್ಪಂದದಲ್ಲಿ ಆ ಗೆರೆಯಿಂದ ಬಹಳ ಪೂರ್ವಕ್ಕೆ ಗಡಿ ಒಯ್ದಿತು. 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ದೇಶವನ್ನು ಹಂಚಿಕೊಂಡರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಅರವತ್ತು ಲಕ್ಷ ಪೋಲಿಷ್ ನಾಗರಿಕರು ಸತ್ತಿದ್ದರು; ಅವರಲ್ಲಿ ಅರ್ಧದಷ್ಟು ಯಹೂದಿಗಳು.

ಸ್ಟಾಲಿನ್ ತಾನು 1939ರಲ್ಲಿ ಕಿತ್ತುಕೊಂಡದ್ದನ್ನು ಬಿಡಲು ಒಪ್ಪಲಿಲ್ಲ. 1943ರ ಟೆಹರಾನ್ ಸಭೆಯಲ್ಲಿ ಚರ್ಚಿಲ್ ಮೂರು ಬೆಂಕಿಕಡ್ಡಿಗಳನ್ನು ಮೇಜಿನ ಮೇಲಿಟ್ಟು, ಪೂರ್ವದ್ದನ್ನು ಸರಿಸಿದರೆ ಉಳಿದವೂ ಪಶ್ಚಿಮಕ್ಕೆ ಸರಿಯುತ್ತವೆ ಎಂದು ತೋರಿಸಿದರು. ಪೋಲಿಷ್ ಪ್ರತಿನಿಧಿಗಳು ಆ ಕೋಣೆಯಲ್ಲಿರಲಿಲ್ಲ. ಚರ್ಚಿಲ್ ತೋರಿಸಿದಂತೆಯೇ ಆಯಿತು. ಪೋಲೆಂಡ್ ಪೂರ್ವದಲ್ಲಿ ಸುಮಾರು 1,80,000 ಚದರ ಕಿಲೋಮೀಟರ್ ಕಳೆದುಕೊಂಡು, ಪಶ್ಚಿಮದಲ್ಲಿ ಜರ್ಮನಿಯಿಂದ ಸುಮಾರು 1,00,000 ಚದರ ಕಿಲೋಮೀಟರ್ ಪಡೆಯಿತು; ಓಡರ್ ಮತ್ತು ನೈಸೆ ನದಿಗಳು ಹೊಸ ಗಡಿಯಾದವು. ಇಡೀ ದೇಶ ಪಶ್ಚಿಮಕ್ಕೆ ಸರಿಯಿತು, ಜನರೂ ಸರಿಯಲೇಬೇಕಾಯಿತು. ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತಿತರ ಕಡೆಗಳಿಂದ ಓಡಿಹೋದ, ಹೊರದೂಡಲ್ಪಟ್ಟ ಜರ್ಮನ್ನರು ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷದಷ್ಟು. ಪೂರ್ವದಲ್ಲಿ ಮನೆ ಕಳೆದುಕೊಂಡ ಪೋಲರು ಹದಿನೈದು ಲಕ್ಷ ಮೀರಿದರು. 1947ರಲ್ಲಿ ಪೋಲೆಂಡಿನ ಆಗ್ನೇಯ ಮೂಲೆಯ ಸುಮಾರು 1,40,000 ಉಕ್ರೇನಿಯನ್ನರನ್ನು ಸೈನ್ಯ ಬಳಸಿ ಪಶ್ಚಿಮ, ಉತ್ತರದ ಜಿಲ್ಲೆಗಳಿಗೆ ಚದುರಿಸಲಾಯಿತು.

ಇದು ಹೇಗೆ ನಡೆಯಿತೆಂದು ತಿಳಿಯಲು ಎರಡು ನಗರಗಳು ಸಾಕು. ಪೂರ್ವದ ಲ್ವೂಫ್ ನಗರ ಸೋವಿಯತ್ ಉಕ್ರೇನಿಗೆ ಸೇರಿ ಲ್ವೀವ್ ಆಯಿತು. ಪಶ್ಚಿಮದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜರ್ಮನ್ನರಿದ್ದ ಬ್ರೆಸ್ಲೌ ನಗರ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಜನಸಂಖ್ಯೆ ಹೆಚ್ಚುಕಡಿಮೆ ಪೂರ್ತಿ ಬದಲಾಯಿತು. ಲ್ವೂಫ್‌ನ ಒಸ್ಸೊಲಿನ್ಸ್ಕಿ ಗ್ರಂಥಾಲಯದ ಪುಸ್ತಕ, ಹಸ್ತಪ್ರತಿಗಳಲ್ಲಿ ಒಂದು ಪಾಲು ಇಲ್ಲಿಗೆ ಬಂತು. ಕವಿ, ನಾಟಕಕಾರ ಫ್ರೆದ್ರೊ ಅವರ ಪ್ರತಿಮೆ ಲ್ವೂಫ್‌ನಿಂದ ಬಂದು, 1956ರಲ್ಲಿ ವ್ರೊತ್ಸ್ವಾಫ್‌ನ ಪೇಟೆ ಚೌಕದಲ್ಲಿ ಪ್ರಷ್ಯಾದ ರಾಜನ ಪ್ರತಿಮೆಯಿದ್ದ ಜಾಗದಲ್ಲಿ ನಿಂತಿತು. 1794ರಲ್ಲಿ ಪೋಲರು ರಷ್ಯಾದ ಸೈನ್ಯವನ್ನು ಸೋಲಿಸಿದ ರತ್ಸ್ವಾವಿಟ್ಸೆ ಕದನದ ಬೃಹತ್ ಚಿತ್ರವೂ ಬಂತು: 114 ಮೀಟರ್ ಉದ್ದ, 15 ಮೀಟರ್ ಎತ್ತರದ ಬಟ್ಟೆ. ಸೋವಿಯತ್ ಪ್ರಾಬಲ್ಯದ ಕಾಲದಲ್ಲಿ ಅದನ್ನು ಬಿಡಿಸಿ ತೋರಿಸುವ ಧೈರ್ಯ ಅಧಿಕಾರಿಗಳಿಗೆ ಬರಲಿಲ್ಲ. ಸುತ್ತಿಟ್ಟ ಚಿತ್ರ ಜನರ ಕಣ್ಣಿಗೆ ಬಿದ್ದದ್ದು 1985ರಲ್ಲಿ.

ಈಗ ಒಂದು ಕಷ್ಟದ ವಾದವನ್ನು ಎದುರಿಸಬೇಕು. ಜರ್ಮನಿ–ಪೋಲೆಂಡ್ ಗಡಿ ಇಂದು ಶಾಂತವಾಗಿದೆ. ಹಾಗಾದರೆ ಜನರನ್ನು ಬೇರ್ಪಡಿಸಿದ್ದರಿಂದಲೇ ಶಾಂತಿ ಬಂತಲ್ಲವೆ ಎಂದು ಕೇಳುವವರಿದ್ದಾರೆ. ನಾನು ಇದನ್ನು ಒಪ್ಪಲಾರೆ. ಜನರನ್ನು ಸಾಗಿಸಿ ಮುಗಿಸಿದ ಮೇಲೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಶ್ಚಿಮ ಜರ್ಮನಿ ಆ ಗಡಿಯನ್ನು ಒಪ್ಪಿರಲಿಲ್ಲ. ತಿರುವು ಬಂದದ್ದು 1965ರಲ್ಲಿ ಪೋಲಿಷ್ ಬಿಷಪ್ಪರು ಜರ್ಮನ್ ಬಿಷಪ್ಪರಿಗೆ ಕ್ಷಮೆಯ ಪತ್ರ ಬರೆದಾಗ, 1970ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ವಾರ್ಸಾಕ್ಕೆ ಬಂದು ಒಪ್ಪಂದಕ್ಕೆ ಸಹಿ ಹಾಕಿ, ಯಹೂದಿ ಬಂಡಾಯದ ಸ್ಮಾರಕದ ಮುಂದೆ ಮಂಡಿಯೂರಿದಾಗ, 1990ರ ನವೆಂಬರ್ 14ರಂದು ಒಂದಾದ ಜರ್ಮನಿ ಗಡಿಯನ್ನು ಕೊನೆಯದಾಗಿ ಒಪ್ಪಿ ಬರೆದುಕೊಟ್ಟಾಗ. ಗ್ರೀಸ್ ಮತ್ತು ಟರ್ಕಿ ಜನರನ್ನು ಅಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸಿಕೊಂಡವು. 1974ರಲ್ಲಿ ಸೈಪ್ರಸ್ ಇಬ್ಭಾಗವಾಗುವುದನ್ನು ಅದು ತಪ್ಪಿಸಲಿಲ್ಲ.

ಇನ್ನೊಂದು ದಾರಿಯೂ ಇತ್ತು ಎಂಬುದಕ್ಕೆ ಶ್ಲೆಸ್ವಿಗ್ ಸಾಕ್ಷಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ನೆಲಕಚ್ಚಿದಾಗ ಗಡಿಯನ್ನು ದಕ್ಷಿಣಕ್ಕೆ ಸರಿಸುವ ಇರಾದೆ ಇದೆಯೇ ಎಂದು 1946ರಲ್ಲಿ ಬ್ರಿಟನ್ ಡೆನ್ಮಾರ್ಕನ್ನು ವಿಚಾರಿಸಿತು. ಡೆನ್ಮಾರ್ಕ್ ಬೇಡವೆಂದಿತು. ಗೆದ್ದ ಕಡೆಯಲ್ಲಿದ್ದೂ ಸಿಗಬಹುದಾಗಿದ್ದ ನೆಲವನ್ನು ಒಲ್ಲೆನೆಂದ ದೇಶ ಚರಿತ್ರೆಯಲ್ಲಿ ಎಷ್ಟಿದ್ದೀತು? 1955ರ ಮಾರ್ಚ್ 29ರಂದು ಎರಡೂ ಸರ್ಕಾರಗಳು ತಮ್ಮತಮ್ಮ ನೆಲದ ಅಲ್ಪಸಂಖ್ಯಾತರ ಬಗ್ಗೆ ಬೇರೆಬೇರೆ ಘೋಷಣೆ ಹೊರಡಿಸಿದವು. ಅದರ ಜೀವಾಳ ಇಷ್ಟು: ನಾನು ಡೇನ್ ಎಂದು ಒಬ್ಬ ಹೇಳಿಕೊಂಡರೆ ಅವನು ಡೇನ್, ನಾನು ಜರ್ಮನ್ ಎಂದರೆ ಜರ್ಮನ್. ಮನೆಮಾತನ್ನೋ ಮನೆತನವನ್ನೋ ಅಧಿಕಾರಿಗಳು ಪರೀಕ್ಷಿಸುವಂತಿಲ್ಲ. ಹಿಂದೆ ಆಲ್ಸೇಸ್‌ನ ಗುರುತಿನ ಚೀಟಿಗಳು ಮಾಡಿದ್ದಕ್ಕೆ ಇದು ಪೂರಾ ವಿರುದ್ಧ. ಗಡಿಯ ಎರಡೂ ಕಡೆ ಅಲ್ಪಸಂಖ್ಯಾತರ ಶಾಲೆ, ಗ್ರಂಥಾಲಯ, ಪತ್ರಿಕೆಗಳಿವೆ. ಜರ್ಮನಿಯ ಡೇನರ ಪಕ್ಷಕ್ಕೆ ಶೇಕಡ 5ರ ಮತಮಿತಿ ಇಲ್ಲ. 2021ರಲ್ಲಿ ಅದು ಜರ್ಮನಿಯ ಸಂಸತ್ತಿನಲ್ಲಿ ಒಂದು ಸ್ಥಾನವನ್ನೂ ಗೆದ್ದಿತು.

ದಕ್ಷಿಣ ಟಿರೋಲ್ ಇದಕ್ಕಿಂತ ಹೆಚ್ಚು ನೊಂದ ನಾಡು. ಜರ್ಮನ್ ಮಾತಾಡುವ ಈ ಬೆಟ್ಟದ ಸೀಮೆ 1919ರಲ್ಲಿ ಆಸ್ಟ್ರಿಯಾದಿಂದ ಇಟಲಿಗೆ ಹೋಯಿತು. ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳು ಮುಚ್ಚಿದವು, ಊರುಗಳ ಹೆಸರು ಬದಲಾದವು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಜನರ ಮುಂದೆ ಇಟ್ಟ ಆಯ್ಕೆ ಕ್ರೂರವಾಗಿತ್ತು: ಊರು ಬಿಟ್ಟು ಜರ್ಮನಿಗೆ ಹೋಗಿ, ಇಲ್ಲವೇ ಉಳಿದು ಇಟಾಲಿಯನ್ನರಾಗಿ. ಶೇಕಡ 80ಕ್ಕೂ ಹೆಚ್ಚು ಜನ ಹೋಗುತ್ತೇವೆಂದರು. ಯುದ್ಧದ ಗದ್ದಲದಲ್ಲಿ ನಿಜಕ್ಕೂ ಹೊರಟವರು ಸುಮಾರು 75,000. ಹೋಗುವವರು, ಉಳಿಯುವವರು ಎಂದು ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರು. 1946ರಲ್ಲಿ ಇಟಲಿ ಸ್ವಾಯತ್ತತೆಯ ಮಾತು ಕೊಟ್ಟಿತು, ನಡೆಸಿಕೊಡಲು ಎಳೆದಾಡಿತು. 1961ರಲ್ಲಿ ವಿದ್ಯುತ್ ಕಂಬಗಳ ಮೇಲೆ ಬಾಂಬ್ ಸ್ಫೋಟಗಳಾದವು. 1972ರ ಎರಡನೆಯ ಸ್ವಾಯತ್ತತಾ ಶಾಸನದ ನಂತರವೇ ನಿಜವಾದ ಬದಲಾವಣೆ ಬಂತು. ಸರ್ಕಾರಿ ಕೆಲಸಗಳನ್ನು ಜರ್ಮನ್, ಇಟಾಲಿಯನ್, ಲಾದಿನ್ ಭಾಷಿಕರ ಸಂಖ್ಯೆಗೆ ತಕ್ಕಂತೆ ಹಂಚಲಾಯಿತು. ಕಚೇರಿಯ ಸಿಬ್ಬಂದಿಗೆ ಎರಡು ಭಾಷೆ ಕಡ್ಡಾಯವಾಯಿತು. 1992ರಲ್ಲಿ ಆಸ್ಟ್ರಿಯಾ ವಿವಾದ ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿತು. ಗಡಿ ಬ್ರೆನ್ನರ್ ಕಣಿವೆಯಲ್ಲಿ ಇದ್ದಲ್ಲೇ ಇದೆ.

ಇಟಲಿಯ ಪೂರ್ವದಲ್ಲಿ ಇಷ್ಟು ಸಮಾಧಾನದ ಕಥೆ ಇಲ್ಲ. 1947ರ ಗಡಿ ಗೊರಿಸಿಯಾ ನಗರದ ಅಂಚನ್ನು ಕತ್ತರಿಸಿ ರೈಲುನಿಲ್ದಾಣವನ್ನು ಯುಗೊಸ್ಲಾವಿಯಾಕ್ಕೆ ಕೊಟ್ಟಿತು. ಹತ್ತಿರದ ಮಿರೆನ್ ಊರಿನಲ್ಲಿ ಗಡಿ ಸ್ಮಶಾನದ ನಡುವೆಯೇ ಹಾದುಹೋಗಿ, 1975ರವರೆಗೂ ಸಮಾಧಿಗಳು ಎರಡು ದೇಶಗಳಲ್ಲಿ ಉಳಿದವು. ಯುಗೊಸ್ಲಾವಿಯಾಕ್ಕೆ ಸೇರಿದ ಇಸ್ತ್ರಿಯಾದಿಂದ ಎರಡು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಊರು ತೊರೆದರು. ನಗರ ಕೈತಪ್ಪಿದ ಯುಗೊಸ್ಲಾವಿಯಾ ಬೇಲಿಯ ಪಕ್ಕದಲ್ಲೇ ನೋವಾ ಗೊರಿಟ್ಸಾ ಎಂಬ ಹೊಸ ಊರು ಕಟ್ಟಿತು. ನಿಲ್ದಾಣದ ಮುಂದಿನ ಬೇಲಿ ಬಿದ್ದದ್ದು 2004ರಲ್ಲಿ. 2025ರಲ್ಲಿ ಎರಡು ಊರುಗಳೂ ಒಟ್ಟಾಗಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟ ಹಂಚಿಕೊಂಡವು.

1975ರ ಹೆಲ್ಸಿಂಕಿ ಒಡಂಬಡಿಕೆ, ಗಡಿಗಳನ್ನು ಬಲದಿಂದ ಬದಲಿಸಬಾರದು, ಬದಲಿಸುವುದಾದರೆ ಶಾಂತಿಯಿಂದ, ಪರಸ್ಪರ ಒಪ್ಪಿಗೆಯಿಂದ ಎಂದಿತು. ಹದಿನೈದೇ ವರ್ಷಗಳಲ್ಲಿ ಸೋವಿಯತ್ ಒಕ್ಕೂಟವೂ ಯುಗೊಸ್ಲಾವಿಯಾವೂ ಒಡೆಯತೊಡಗಿದವು. ಒಂದು ದೇಶದ ಒಳಗಿನ ಪ್ರಾಂತ್ಯಗಳ ಗಡಿ ರಾತ್ರೋರಾತ್ರಿ ಅಂತರರಾಷ್ಟ್ರೀಯ ಗಡಿಯಾದಾಗ ಏನು ಮಾಡಬೇಕು? ರಾಬರ್ಟ್ ಬದಾಂತೆರ್ ಅಧ್ಯಕ್ಷತೆಯ ಯುರೋಪಿಯನ್ ಆಯೋಗ, ಇದ್ದ ಗೆರೆಯನ್ನೇ ಗಡಿಯೆಂದು ಉಳಿಸಿಕೊಳ್ಳಿ ಎಂದು 1992ರ ಜನವರಿಯಲ್ಲಿ ಅಭಿಪ್ರಾಯ ಕೊಟ್ಟಿತು. ಚೆಕ್ಕರೂ ಸ್ಲೊವಾಕರೂ 1993ರ ಜನವರಿ 1ರಂದು ರಕ್ತ ಹರಿಸದೆ ಬೇರೆಯಾದರು. ಬೋಸ್ನಿಯಾದಲ್ಲಿ ಗೆರೆ ಉಳಿಯಿತು, ಸುಮಾರು ಒಂದು ಲಕ್ಷ ಜನ ಉಳಿಯಲಿಲ್ಲ. ಜನರನ್ನು ಗೆರೆಗೆ ಹೊಂದಿಸುವ ಹಳೆಯ ಚಾಳಿ ಅಲ್ಲಿ ಹತ್ಯಾಕಾಂಡವಾಗಿ ಮರಳಿತು.

ಪಶ್ಚಿಮದಲ್ಲಿ ಅದೇ ಹೊತ್ತಿಗೆ ಗಡಿಯ ತೂಕವೇ ಇಳಿಯುತ್ತಿತ್ತು. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಶೆಂಗೆನ್ ಊರಿನ ಬಳಿ, ಮೊಸೆಲ್ ನದಿಯ ಮೇಲಿನ ಹಡಗಿನಲ್ಲಿ ಐದು ದೇಶಗಳು ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಯಾಯಿತು. ನೆಲದ ಮೋಹ ಇಳಿದರೆ ಗಡಿ ಸರಿಸುವುದು ಎಷ್ಟು ಸಲೀಸು ಎಂಬುದಕ್ಕೆ ಮ್ಯೂಸ್ ನದಿಯ ಉದಾಹರಣೆ ಇದೆ. ನದಿಯ ಹರಿವನ್ನು ನೇರ ಮಾಡಿದ್ದರಿಂದ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ ತುಣುಕು ನೆಲಗಳು ತಪ್ಪು ದಡದಲ್ಲಿ ಸಿಕ್ಕಿಕೊಂಡಿದ್ದವು. ಬೆಲ್ಜಿಯಂ ಪೊಲೀಸರು ತಮ್ಮದೇ ನೆಲಕ್ಕೆ ದೋಣಿಯಲ್ಲಿ ಹೋಗಬೇಕಿತ್ತು. 2018ರ ಜನವರಿ 1ರಿಂದ ಎರಡೂ ದೇಶಗಳು ಅವನ್ನು ಅದಲುಬದಲು ಮಾಡಿಕೊಂಡವು. ಆಲ್ಪ್ಸ್‌ನಲ್ಲಿ ಹಿಮನದಿಗಳು ಕರಗಿ ನೀರು ಇಬ್ಭಾಗವಾಗುವ ಏಣು ಸರಿದಂತೆ, ಮ್ಯಾಟರ್‌ಹಾರ್ನ್ ಶಿಖರದ ಬಳಿ ಇಟಲಿ–ಸ್ವಿಟ್ಜರ್ಲೆಂಡ್ ಗಡಿಯನ್ನು ತಿದ್ದಲು ಉಭಯ ದೇಶಗಳು 2023ರಲ್ಲಿ ಸಮ್ಮತಿಸಿವೆ. ಆದರೆ ಈ ಸಲೀಸನ್ನು ಶಾಶ್ವತವೆಂದು ನಂಬುವಂತಿಲ್ಲ. 2015ರ ನಿರಾಶ್ರಿತರ ಅಲೆಯ ನಂತರ ಒಂದೊಂದೇ ದೇಶ ತಪಾಸಣೆಯನ್ನು ಮರಳಿ ತಂದಿತು. 2020ರ ಸಾಂಕ್ರಾಮಿಕದಲ್ಲಿ ಜರ್ಮನಿಯ ಗೋರ್ಲಿಟ್ಸ್ ಮತ್ತು ಪೋಲೆಂಡಿನ ಝ್ಗೊಝೆಲೆಟ್ಸ್ ನಡುವಿನ ಕಾಲುಸೇತುವೆಗೆ ಬೇಲಿ ಬಿತ್ತು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿತು.

ಹೆಲ್ಸಿಂಕಿಯ ಮಾತನ್ನು ಪೂರ್ತಿ ಮುರಿದದ್ದು ರಷ್ಯಾ. 1991ರ ಡಿಸೆಂಬರ್ 1ರ ಜನಮತದಲ್ಲಿ ಉಕ್ರೇನಿನ ಶೇಕಡ 90ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬೇಕೆಂದಿದ್ದರು. ಕ್ರೈಮಿಯಾದಲ್ಲೂ ಶೇಕಡ 54. 1994ರಲ್ಲಿ ಉಕ್ರೇನ್ ಅಣ್ವಸ್ತ್ರಗಳನ್ನು ಬಿಟ್ಟುಕೊಡುವಾಗ ಅದರ ಗಡಿಗಳನ್ನು ಗೌರವಿಸುವುದಾಗಿ ಬುಡಾಪೆಸ್ಟ್‌ನಲ್ಲಿ ರಷ್ಯಾ ಸಹಿ ಹಾಕಿತ್ತು. 2014ರಲ್ಲಿ ಕ್ರೈಮಿಯಾವನ್ನು ಕಿತ್ತುಕೊಂಡು, 2022ರ ಸೆಪ್ಟೆಂಬರ್ 30ರಂದು ಇನ್ನೂ ನಾಲ್ಕು ಪ್ರಾಂತ್ಯಗಳನ್ನು ತನ್ನದೆಂದು ಘೋಷಿಸಿತು. ಅದಕ್ಕೆ ಕೊಟ್ಟ ಕಾರಣಗಳನ್ನು ಓದಿದರೆ 1870ರ ಆಲ್ಸೇಸ್ ವಾದವೇ ಕಿವಿಗೆ ಬೀಳುತ್ತದೆ: ಭಾಷೆ ನಮ್ಮದು, ಇತಿಹಾಸ ನಮ್ಮದು, ಆದ್ದರಿಂದ ನೆಲವೂ ನಮ್ಮದು. ಬಂದೂಕಿನ ಕಾವಲಿನಲ್ಲಿ ನಡೆಸಿದ ಮತದಾನವನ್ನು ಜನಮತವೆನ್ನಲಾಗದು. ಅಕ್ಟೋಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆ 143 ಮತಗಳಿಂದ ಅದನ್ನು ತಿರಸ್ಕರಿಸಿತು. ವಿರುದ್ಧ ಬಿದ್ದದ್ದು 5 ಮತ; ಭಾರತವೂ ಸೇರಿ 35 ದೇಶಗಳು ಮತ ಹಾಕದೆ ದೂರ ಉಳಿದವು. ವಸಾಹತುಗಳ ಗೆರೆಯ ನೋವನ್ನು ಉಂಡ ನಾವು ಅಂದು ಸ್ಪಷ್ಟವಾಗಿ ನಿಲ್ಲಬೇಕಿತ್ತು ಎಂದೇ ನನ್ನ ಅನಿಸಿಕೆ.

ಆಕ್ರಮಣಕ್ಕೆ ಗುರಿಯಾದ ಉಕ್ರೇನಿಗೂ ತನ್ನೊಳಗಿನ ಅಲ್ಪಸಂಖ್ಯಾತರ ಪ್ರಶ್ನೆ ಇದೆ. ಕಿರಿಯ ಸೆಲ್ಮೆಂಟ್ಸ್ ಇರುವ ಅದರ ಪಶ್ಚಿಮದ ಸೀಮೆಯಲ್ಲಿ ಇಂದಿಗೂ ಹಂಗೇರಿಯನ್ನರಿದ್ದಾರೆ. 2017ರ ಶಿಕ್ಷಣ ಶಾಸನ ಅವರ ಶಾಲೆಗಳಲ್ಲಿ ಹಂಗೇರಿಯನ್ ಮಾಧ್ಯಮವನ್ನು ಕುಗ್ಗಿಸಿದಾಗ ಬುಡಾಪೆಸ್ಟ್ ಕೆರಳಿತು, ನ್ಯಾಟೋ ಸಭೆಗಳಲ್ಲಿ ಉಕ್ರೇನಿಗೆ ಅಡ್ಡಗಾಲು ಹಾಕತೊಡಗಿತು. ಹಂಗೇರಿಯ ನಡೆಯಲ್ಲಿ ರಾಜಕೀಯದ ಲೆಕ್ಕಾಚಾರ ಸಾಕಷ್ಟಿತ್ತು. ಆದರೆ ತಾಯ್ನುಡಿಯ ಶಾಲೆ ಕೈತಪ್ಪುವ ಅಳುಕು ಆ ಊರುಗಳ ತಂದೆತಾಯಂದಿರಲ್ಲಿ ನಿಜವಾಗಿಯೇ ಇತ್ತು. 2023ರ ಡಿಸೆಂಬರಿನಲ್ಲಿ, ಪೂರ್ವದಲ್ಲಿ ಯುದ್ಧ ನಡೆಯುತ್ತಿರುವಾಗಲೇ, ಕೀವ್‌ನ ಸಂಸತ್ತು ಅಲ್ಪಸಂಖ್ಯಾತರ ಶಾಸನವನ್ನು ತಿದ್ದಿ, ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಾಗಿರುವ ಅಲ್ಪಸಂಖ್ಯಾತರ ಭಾಷೆಗಳಿಗೆ ಶಾಲೆಗಳಲ್ಲಿ ಹೆಚ್ಚಿನ ಅವಕಾಶ ಕೊಟ್ಟಿತು. ಒಕ್ಕೂಟಕ್ಕೆ ಸೇರಲು ಹಾಕಿದ ಷರತ್ತುಗಳಲ್ಲಿ ಇದೂ ಒಂದಾಗಿತ್ತು. ಅದೇ ತಿಂಗಳ 14ರಂದು ಬ್ರಸೆಲ್ಸ್‌ನಲ್ಲಿ ಸೇರಿದ ಯುರೋಪಿನ ನಾಯಕರು ಉಕ್ರೇನಿನೊಂದಿಗೆ ಸೇರ್ಪಡೆಯ ಮಾತುಕತೆ ಆರಂಭಿಸಲು ತೀರ್ಮಾನಿಸಿದರು. ಆ ತೀರ್ಮಾನವನ್ನು ತಡೆಯಬಹುದಾಗಿದ್ದ ಹಂಗೇರಿಯ ಪ್ರಧಾನಿ, ಮತ ಹಾಕದೆ ಕೋಣೆಯಿಂದ ಹೊರಗೆ ಹೋಗಿದ್ದರು.